ಡಯಾಟಮ್ ತಳಿಗಳು: ಆಕಾರ ಅಳೆಯುವುದು, ಅದರ ಹಿಂದಿನ ವಂಶವಾಹಿ ಹುಡುಕುವುದು

ಡಯಾಟಮ್ ಎಂದರೆ ಸಾಮಾನ್ಯವಾಗಿ ಸಿಲಿಕಾದ, ಅಂದರೆ ಗಾಜಿನಂಥ ವಸ್ತುವಿನ, ಚಿಪ್ಪು ಕಟ್ಟಿಕೊಳ್ಳುವ ಒಂಟಿಕೋಶದ ಪಾಚಿ. ಫಿಯೊಡ್ಯಾಕ್ಟೈಲಮ್ ಟ್ರೈಕಾರ್ನ್ಯೂಟಮ್ ಎಂಬ ಕಡಲ ಡಯಾಟಮ್ ಮೂರು ವೇಷಗಳಲ್ಲಿ ಸಿಗುತ್ತದೆ. ಕದಿರಿನಂತೆ ನಡು ಉಬ್ಬಿ ತುದಿ ಚೂಪಾದದ್ದು ಒಂದು, ಮೊಟ್ಟೆಯಾಕಾರದ್ದು ಇನ್ನೊಂದು, ಮೂರು ತೋಳು ಚಾಚಿದ್ದು ಮತ್ತೊಂದು. ಬೇರೆ ಬೇರೆ ಕಡಲುಗಳಿಂದ ತಂದು ಸಾಕುತ್ತಿರುವ ಇದರ ಹತ್ತು ತಳಿಗಳಿಗೆ ಪಿಟಿ1ರಿಂದ ಪಿಟಿ10ರವರೆಗೆ ಹೆಸರಿದೆ. 2007ರಲ್ಲಿ ಇವುಗಳ ಐಟಿಎಸ್2 ಎಂಬ ಡಿಎನ್‌ಎ ತುಣುಕನ್ನು ಓದಿದಾಗ ನಾಲ್ಕು ಗುಂಪು ಸಿಕ್ಕವು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕಡೆಯ ಪಿಟಿ1 ಮತ್ತು ಪೆಸಿಫಿಕ್ ಸಾಗರದ ಗ್ವಾಮ್‌ನ ಪಿಟಿ9 ಒಂದೇ ಗುಂಪಿಗೆ ಬಿದ್ದವು. ಹೆಚ್ಚಾಗಿ ಮೊಟ್ಟೆಯಾಕಾರದಲ್ಲೇ ಇರುವ ಪಿಟಿ3 ಕೂಡ ಅದೇ ಗುಂಪು. ಮೂರು ತೋಳಿನ ಪಿಟಿ8 ಇರುವ ಗುಂಪಿನಲ್ಲಿ ಕದಿರಿನಾಕಾರದ ಪಿಟಿ6, ಪಿಟಿ7 ಇವೆ. ಆಕಾರ ನೋಡಿ ನೆಂಟಸ್ತಿಕೆ ಹೇಳಲು ಹೊರಟಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತಿತ್ತು.

ಇದರ ತಿರುವುಮುರುವೂ ಉಂಟು. ಸ್ಕೆಲಿಟೊನೀಮಾ ಎಂಬ ಸರಪಳಿ ಡಯಾಟಮ್ ಎಲ್ಲಿ ಸಿಕ್ಕರೂ ಬಹಳ ಕಾಲ ‘ಸ್ಕೆಲಿಟೊನೀಮಾ ಕಾಸ್ಟೇಟಮ್’ ಎಂದೇ ಬರೆದುಕೊಳ್ಳುತ್ತಿದ್ದರು. 2005 ಮತ್ತು 2007ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮತ್ತು ಡಿಎನ್‌ಎ ಎರಡನ್ನೂ ಇಟ್ಟು ನೋಡಿದಾಗ ಆ ಒಂದು ಹೆಸರಿನಡಿ ಹಲವು ಜಾತಿಗಳು ಅಡಗಿದ್ದವು.

ಡಯಾಟಮ್ ಕೋಶದ ಆಕಾರವನ್ನು ಮೂರು ಸಂಗತಿ ತಿದ್ದುತ್ತವೆ: ಅದರ ವಯಸ್ಸು, ಅದು ಬೆಳೆದ ನೀರು, ಅದರ ವಂಶ. ಮೊದಲೆರಡನ್ನು ಕಟ್ಟಿಹಾಕದೆ ಮೂರನೆಯದರ ಬಗ್ಗೆ ಏನು ಹೇಳಿದರೂ ಅದು ಊಹೆಯೇ. ಮುಂದಿನ ಕ್ರಮವೆಲ್ಲ ಈ ಕಟ್ಟಿಹಾಕುವ ಕೆಲಸಕ್ಕಾಗಿ. ಕೈಗೆ ಸುಲಭವಾಗಿ ಸಿಗುವ ಸ್ಕೆಲಿಟೊನೀಮಾವನ್ನೇ ಉದಾಹರಣೆಯಾಗಿ ಹಿಡಿದಿದ್ದೇವೆ. ದೋಣಿಯಾಕಾರದ ಉದ್ದನೆಯ ಡಯಾಟಮ್‌ಗಳಿಗೆ ಕ್ರಮ ಎಲ್ಲಿ ಬದಲಾಗುತ್ತದೋ ಅಲ್ಲಿ ಹೇಳಿದೆ.

ಮಾದರಿ ತರುವುದು

ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ, ಹಿಡಿಯಲು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 20 ಪಾಲು) ಕಣ್ಣಿನ ಬಲೆ ಸಾಕು. ಆದರೆ ಬಲೆಯೊಂದನ್ನೇ ನಂಬಿದರೆ ಉದ್ದ ಸರಪಳಿಗಳು ಮಾತ್ರ ಸಿಕ್ಕಿ, ಗಿಡ್ಡ ಸರಪಳಿ ಮತ್ತು ಒಂಟಿ ಕೋಶಗಳು ಜಾರಿಹೋಗುತ್ತವೆ. ಆಕಾರದ ವ್ಯತ್ಯಾಸ ಅಳೆಯಲು ಹೊರಟವರು ಮೊದಲ ಹೆಜ್ಜೆಯಲ್ಲೇ ಒಂದು ಆಕಾರವನ್ನು ಸೋಸಿ ಚೆಲ್ಲಿದಂತೆ. ಆದ್ದರಿಂದ ಬಲೆಯ ಮಾದರಿಯ ಜೊತೆ 1 ಲೀಟರ್ ಸೋಸದ ನೀರನ್ನೂ ತನ್ನಿ.

ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿಸಿ, ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡಿ. ಐಸ್ ಮೇಲೆ ನೇರವಾಗಿ ಇಡಬೇಡಿ. 28 ಡಿಗ್ರಿ ನೀರಿನ ಕೋಶಗಳು ಒಮ್ಮೆಲೇ 4 ಡಿಗ್ರಿಗೆ ಇಳಿದರೆ ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ಸತ್ತಿರುತ್ತವೆ, ಉಳಿಯುವುದು ಗಟ್ಟಿಪಿಂಡಗಳು ಮಾತ್ರ. ಎಣಿಕೆಗೆಂದು 50 ಮಿ.ಲೀ. ತೆಗೆದು ಲ್ಯೂಗಾಲ್ ಅಯೋಡಿನ್ ದ್ರಾವಣವನ್ನು ನೀರು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ಹಾಕಿಡಿ. ಫಾರ್ಮಲಿನ್ ಹಾಕಿದ ಮಾದರಿಯಿಂದ ಮುಂದೆ ಡಿಎನ್‌ಎ ತೆಗೆಯುವ ಆಸೆ ಬಿಡಬೇಕಾಗುತ್ತದೆ.

ಲವಣಾಂಶ, ಉಷ್ಣತೆ, ಭರತ–ಇಳಿತದ ಹೊತ್ತು, ಆಳ ಇವನ್ನು ಅಲ್ಲೇ ಬರೆದುಕೊಳ್ಳಿ. ನಮ್ಮ ಕರಾವಳಿಯಲ್ಲಿ ಇದು ಬರೀ ಶಿಸ್ತಿನ ಮಾತಲ್ಲ. ಬೇಸಿಗೆಯಲ್ಲಿ 30ರ (ಸಾವಿರ ಪಾಲು ನೀರಿನಲ್ಲಿ 30 ಪಾಲು ಉಪ್ಪು) ಮೇಲಿರುವ ನೇತ್ರಾವತಿ–ಗುರುಪುರ ಅಳಿವೆಯ ಲವಣಾಂಶ ಮಳೆಗಾಲದಲ್ಲಿ ಹೆಚ್ಚುಕಡಿಮೆ ಸಿಹಿನೀರಿನ ಮಟ್ಟಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಹಿಡಿದದ್ದಕ್ಕೂ ಆಗಸ್ಟ್‌ನಲ್ಲಿ ಹಿಡಿದದ್ದಕ್ಕೂ ಆಕಾರ ಬೇರೆ ಕಂಡರೆ ಮೊದಲ ಅನುಮಾನ ಉಪ್ಪಿನ ಮೇಲೆ ಹೋಗಬೇಕು. ಅಂದಹಾಗೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನುಗಾರಿಕೆ ದೋಣಿ ನೆಚ್ಚಿಕೊಂಡವರ ಮಾದರಿ ಸರಣಿಯಲ್ಲಿ ಸರಿಯಾಗಿ ಈ ಎರಡು ತಿಂಗಳ ತೂತು ಬೀಳುತ್ತದೆ. ಜೆಟ್ಟಿಯಿಂದಲೋ ಸೇತುವೆಯಿಂದಲೋ ಬಕೆಟ್ ಇಳಿಸಿ ತೆಗೆಯುವ ಒಂದು ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಒಂದು ಸರಪಳಿ, ಒಂದು ತಳಿ

ಸರಪಳಿಯಲ್ಲಿರುವ ಕೋಶಗಳೆಲ್ಲ ಒಂದೇ ಕೋಶ ಒಡೆದೊಡೆದು ಆದವು. ಹಾಗಾಗಿ ಒಂದಿಡೀ ಸರಪಳಿಯನ್ನು ಎತ್ತಿದರೂ ಅದು ಒಬ್ಬನೇ ವ್ಯಕ್ತಿ. ಆದರೆ ಎರಡು ಸರಪಳಿಗಳು ಹೆಣೆದುಕೊಂಡಿದ್ದನ್ನು ಒಂದೆಂದು ಎತ್ತಿದರೆ ಆ ತಳಿ ಹುಟ್ಟುವಾಗಲೇ ಬೆರಕೆ. ಈ ತಪ್ಪು ಗೊತ್ತಾಗುವುದು ತಿಂಗಳುಗಳ ಮೇಲೆ, ಡಿಎನ್‌ಎ ಫಲಿತಾಂಶ ಬಂದಾಗ.

ಗಾಜಿನ ಪಾಶ್ಚರ್ ಪಿಪೆಟ್ಟಿನ ತುದಿಯನ್ನು ಜ್ವಾಲೆಯಲ್ಲಿ ಮೆತ್ತಗಾಗಿಸಿ, ಜ್ವಾಲೆಯಿಂದ ಹೊರತೆಗೆದ ಮೇಲೆ ಎಳೆಯಿರಿ. ಒಳಗಿನ ತೂತು 50ರಿಂದ 100 ಮೈಕ್ರಾನ್ ಇರಲಿ. ಜ್ವಾಲೆಯ ಒಳಗೇ ಎಳೆದರೆ ಕೂದಲಿನಷ್ಟು ಸಪೂರವಾಗಿ ತುದಿ ಮುಚ್ಚಿಕೊಳ್ಳುತ್ತದೆ. ತೀರಾ ಸಪೂರದ ತೂತಿನಲ್ಲಿ ಸರಪಳಿ ತುಂಡಾಗುತ್ತದೆ, ಅಗಲದ್ದರಲ್ಲಿ ಬೇಡದ ಕೋಶಗಳೂ ನುಗ್ಗುತ್ತವೆ.

ಸ್ಲೈಡಿನ ಮೇಲೆ ಸೋಸಿ ಶುದ್ಧಗೊಳಿಸಿದ ಕಡಲ ನೀರಿನ ಆರು ಹನಿಗಳನ್ನು ಸಾಲಾಗಿ ಇಡಿ. ಸರಪಳಿಯನ್ನು ಒಂದು ಹನಿಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗಿ, ಪ್ರತಿ ಹನಿಗೂ ಹೊಸ ಪಿಪೆಟ್ಟು. ಕೊನೆಯ ಹನಿಯನ್ನು ದೊಡ್ಡ ವರ್ಧನೆಯಲ್ಲಿ ನೋಡಿ. ಪುಟ್ಟ ಚಾಟಿಜೀವಿಯೊಂದು ಸರಪಳಿಯ ಮುಳ್ಳುಗಳ ನಡುವೆ ಅವಿತಿದ್ದರೆ ಹತ್ತು ದಿನದಲ್ಲಿ ಇಡೀ ಬಾವಿ (ಬೆಳೆಸುವ ತಟ್ಟೆಯ ಗುಳಿ) ಅದರದ್ದೇ ಆಗುತ್ತದೆ. ಆಮೇಲೆ 24 ಬಾವಿಗಳ ತಟ್ಟೆಯಲ್ಲಿ ಬಾವಿಗೊಂದರಂತೆ, 1 ಮಿ.ಲೀ. ತೆಳು ಪೋಷಕ ದ್ರಾವಣಕ್ಕೆ ಬಿಡಿ. ಎಫ್/2 ಎಂಬ ಪೋಷಕ ದ್ರಾವಣವನ್ನು (ಸೂತ್ರ ಮುಂದಿದೆ) ಐದು ಪಟ್ಟು ತೆಳುವಾಗಿಸಿದರೆ ಸರಿ. ಕಡಲಿನ ಬಡ ನೀರಿನಿಂದ ಬಂದ ಒಂಟಿ ಸರಪಳಿಗೆ ಪೂರ್ಣ ಪ್ರಮಾಣದ ಎಫ್/2 ಹಬ್ಬದೂಟದಂತೆ, ಜೀರ್ಣವಾಗದೆ ಸಾಯುವುದೂ ಇದೆ.

ಕಣ್ಣಿಗೆ ಚೆಂದ ಕಂಡ, ದೊಡ್ಡ, ನೇರ ಸರಪಳಿಗಳನ್ನೇ ಆರಿಸುವ ಚಾಳಿ ಎಲ್ಲರಿಗೂ ಇರುತ್ತದೆ. ಅದನ್ನು ತಡೆಯಲು ಒಂದು ಸುಲಭ ನಿಯಮ: ತಟ್ಟೆಯ ಒಂದು ಮೂಲೆಯಿಂದ ಹೊರಟು, ಎದುರಾದ ಪ್ರತಿ ಸರಪಳಿಯನ್ನೂ ಬಿಡದೆ ಎತ್ತಿ. ಎಷ್ಟು ಎತ್ತಿದಿರಿ, ಎಷ್ಟು ಬದುಕಿದವು ಎಂಬ ಎರಡೂ ಅಂಕಿ ಬರೆದಿಡಿ. ಎತ್ತುವ ದಿನವೇ ಪ್ರತಿ ಸರಪಳಿಯ ಫೋಟೋ ತೆಗೆದು ವ್ಯಾಸ ಅಳೆಯಿರಿ. ಮುಂದೆ ವಯಸ್ಸಿನ ಲೆಕ್ಕಕ್ಕೆ ಈ ಒಂದು ಫೋಟೋ ಬೇಕೇಬೇಕು, ಆ ದಿನ ಕಳೆದರೆ ಮತ್ತೆ ಸಿಗುವುದಿಲ್ಲ.

ಎಷ್ಟು ತಳಿ ಬೇಕು? ಡಯಾಟಮ್ ಕೋಶ ದ್ವಿಗುಣಿತ, ಅಂದರೆ ಪ್ರತಿ ವಂಶವಾಹಿಯ ಎರಡು ಪ್ರತಿ ಇಟ್ಟುಕೊಂಡಿರುತ್ತದೆ. ಸಮುದಾಯದಲ್ಲಿ ನೂರಕ್ಕೆ 5ರಷ್ಟಿರುವ ಒಂದು ಬದಲು ರೂಪ 10 ತಳಿಗಳಲ್ಲಿ, ಅಂದರೆ 20 ಪ್ರತಿಗಳಲ್ಲಿ, ಒಮ್ಮೆಯೂ ಕಾಣದೇ ಹೋಗುವ ಸಾಧ್ಯತೆ 0.95ರ 20ನೇ ಘಾತ, ಸುಮಾರು ನೂರಕ್ಕೆ 36. 20 ತಳಿಗಳಿದ್ದರೆ ನೂರಕ್ಕೆ 13, 30 ಇದ್ದರೆ ನೂರಕ್ಕೆ 5. ಒಂದು ಜಾಗಕ್ಕೆ 30 ತಳಿ ಎಂಬ ಗುರಿ ಇಟ್ಟುಕೊಂಡು 60 ಸರಪಳಿ ಎತ್ತಿ. ಐದಾರು ತಳಿ ಇಟ್ಟುಕೊಂಡು ‘ಈ ಜಾಗದಲ್ಲಿ ವೈವಿಧ್ಯ ಕಡಿಮೆ’ ಎಂದು ಬರೆಯುವುದಕ್ಕಿಂತ ಬರೆಯದಿರುವುದು ಮೇಲು.

ಎಫ್/2 ದ್ರಾವಣ

ಗಿಲ್ಲಾರ್ಡ್ ಮತ್ತು ರೈದರ್ 1962ರಲ್ಲಿ ಕೊಟ್ಟ ಸೂತ್ರದ ಅರ್ಧ ಪ್ರಮಾಣ ಇದು. 1 ಲೀಟರ್ ಕಡಲ ನೀರಿಗೆ ಬೇಕಾದದ್ದು:

ಸೋಡಿಯಂ ನೈಟ್ರೇಟ್ — 75 ಮಿ.ಗ್ರಾಂ
ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ (ಒಂದು ನೀರಿನದು) — 5 ಮಿ.ಗ್ರಾಂ
ಸೋಡಿಯಂ ಮೆಟಾಸಿಲಿಕೇಟ್ (ಒಂಬತ್ತು ನೀರಿನದು) — 30 ಮಿ.ಗ್ರಾಂ
ಫೆರಿಕ್ ಕ್ಲೋರೈಡ್ (ಆರು ನೀರಿನದು) — 3.15 ಮಿ.ಗ್ರಾಂ, ಜೊತೆಗೆ ಡೈಸೋಡಿಯಂ ಇಡಿಟಿಎ 4.36 ಮಿ.ಗ್ರಾಂ
ಮ್ಯಾಂಗನೀಸ್, ಸತು, ಕೋಬಾಲ್ಟ್, ತಾಮ್ರ, ಮಾಲಿಬ್ಡಿನಮ್ ಲವಣಗಳು — ಮೈಕ್ರೋಗ್ರಾಂ ಲೆಕ್ಕದಲ್ಲಿ, ಒಂದೇ ಸಾಂದ್ರ ದ್ರಾವಣವಾಗಿ ಮಾಡಿಟ್ಟುಕೊಂಡು 1 ಮಿ.ಲೀ.
ಥಯಮಿನ್ 100 ಮೈಕ್ರೋಗ್ರಾಂ, ಬಯೋಟಿನ್ 0.5, ವಿಟಮಿನ್ ಬಿ12 0.5

ಮೊದಲ ಮೂರಕ್ಕೆ ಸಾವಿರ ಪಟ್ಟು ಸಾಂದ್ರ ದ್ರಾವಣ ಮಾಡಿಟ್ಟರೆ ಲೀಟರಿಗೆ ತಲಾ 1 ಮಿ.ಲೀ. ಹಾಕಿದರಾಯಿತು. ಸಮುದ್ರದ ನೀರನ್ನು ಒಂದೆರಡು ವಾರ ಕತ್ತಲಲ್ಲಿಟ್ಟು, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆಟೋಕ್ಲೇವ್ ಮಾಡಿ, ಪೂರ್ತಿ ತಣಿದ ಮೇಲೆ ಪೋಷಕಗಳನ್ನು 0.2 ಮೈಕ್ರಾನ್ ಸಿರಿಂಜ್ ಫಿಲ್ಟರಿನ ಮೂಲಕ ಸೇರಿಸಿ. ಬಿಸಿ ನೀರಿಗೆ ಸಿಲಿಕೇಟ್ ಹಾಕಿದರೆ ಬಿಳಿ ಗಷ್ಟು ಕಟ್ಟಿ ತಳಕ್ಕೆ ಕೂರುತ್ತದೆ. ಡಯಾಟಮ್‌ಗೆ ಬೇಕಾದ್ದೇ ಅದು, ತಳದಲ್ಲಿ ಕೂತರೆ ಉಪಯೋಗವಿಲ್ಲ. ಸಿಲಿಕೇಟ್ ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಿ. ಬೆಳೆಸುವ ಫ್ಲಾಸ್ಕೂ ಪಾಲಿಕಾರ್ಬೊನೇಟ್ ಆದರೆ ಒಳ್ಳೆಯದು, ಏಕೆಂದರೆ ಗಾಜಿನಿಂದ ಅಷ್ಟಿಷ್ಟು ಸಿಲಿಕಾ ನೀರಿಗೆ ಬಿಟ್ಟುಕೊಂಡು ಲೆಕ್ಕ ಕೆಡಿಸುತ್ತದೆ.

ಈ ಸೂತ್ರದಲ್ಲಿ ಒಂದು ಓರೆ ಇದೆ. ನೈಟ್ರೇಟ್ 882 ಮೈಕ್ರೋಮೋಲ್, ಸಿಲಿಕೇಟ್ 106. ಡಯಾಟಮ್‌ಗಳು ಸಾಮಾನ್ಯವಾಗಿ ಎರಡನ್ನೂ ಸುಮಾರು ಸಮವಾಗಿ ಉಣ್ಣುತ್ತವೆ. ಅಂದಮೇಲೆ ಎಫ್/2ನಲ್ಲಿ ಮೊದಲು ಖಾಲಿಯಾಗುವುದು ಸಿಲಿಕಾ. ಬಾಟಲಿ ಕಂದು ಬಣ್ಣಕ್ಕೆ ತಿರುಗಿ ‘ಚೆನ್ನಾಗಿ ಬೆಳೆದಿದೆ’ ಅನ್ನಿಸುವ ಹೊತ್ತಿಗೆ ಕೋಶಗಳು ತೆಳು ಚಿಪ್ಪು, ಗಿಡ್ಡ ಮುಳ್ಳು ಕಟ್ಟಲು ಶುರುಮಾಡಿರಬಹುದು. ಅಳತೆಗೆ ಕೋಶ ತೆಗೆಯಬೇಕಾದ್ದು ಅದಕ್ಕೂ ಮುಂಚೆ, ಬೆಳವಣಿಗೆ ಇನ್ನೂ ಏರುಮುಖದಲ್ಲಿರುವಾಗ.

ವಯಸ್ಸಿನ ಬಲೆ

ಡಯಾಟಮ್ ಚಿಪ್ಪು ಮುಚ್ಚಳವಿರುವ ಡಬ್ಬಿಯಂತೆ: ದೊಡ್ಡ ಹೋಳು ಒಂದು, ಅದರೊಳಗೆ ಕೂರುವ ಚಿಕ್ಕ ಹೋಳು ಒಂದು. ಕೋಶ ಒಡೆದಾಗ ಎರಡು ಮಕ್ಕಳಿಗೂ ಒಂದೊಂದು ಹಳೆಯ ಹೋಳು ಸಿಗುತ್ತದೆ, ಇಬ್ಬರೂ ಅದನ್ನೇ ಮುಚ್ಚಳ ಮಾಡಿಕೊಂಡು ಒಳಗಿನ ಹೋಳನ್ನು ಹೊಸದಾಗಿ ಕಟ್ಟುತ್ತಾರೆ. ಚಿಕ್ಕ ಹೋಳು ಪಡೆದವನು ಆದ್ದರಿಂದ ತುಸು ಚಿಕ್ಕವನಾಗುತ್ತಾನೆ. ಪೀಳಿಗೆ ಕಳೆದಂತೆ ಸರಾಸರಿ ಗಾತ್ರ ಇಳಿಯುತ್ತ ಹೋಗುತ್ತದೆ. ಇದನ್ನು ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಸರ್ ಇಬ್ಬರೂ 1869ರಲ್ಲಿ ಬೇರೆ ಬೇರೆಯಾಗಿ ಗುರುತಿಸಿದರು. ಒಂದು ಮಿತಿಗಿಂತ ಕೆಳಗಿಳಿದ ಮೇಲೆ ಲೈಂಗಿಕ ಕ್ರಿಯೆ ನಡೆದು ಆಕ್ಸೋಸ್ಪೋರ್ ಎಂಬ ಉಬ್ಬು ಕೋಶ ಹುಟ್ಟಿ, ಅದರಿಂದ ಮತ್ತೆ ದೊಡ್ಡ ಕೋಶ ಬರುತ್ತದೆ.

ತೊಡಕು ಇರುವುದು, ಗಾತ್ರದ ಜೊತೆ ಆಕಾರವೂ ಬದಲಾಗುವುದರಲ್ಲಿ. ದೋಣಿಯಾಕಾರದವುಗಳಲ್ಲಿ ಉದ್ದ ಬಹಳ ಇಳಿಯುತ್ತದೆ, ಅಗಲ ಹೆಚ್ಚು ಇಳಿಯುವುದಿಲ್ಲ. ಉದ್ದ–ಸಪೂರ ದೋಣಿಯಾಗಿ ಶುರುವಾದ ತಳಿ ಕಾಲಕ್ರಮದಲ್ಲಿ ಗಿಡ್ಡ–ಗುಂಡು ಆಗುತ್ತದೆ, ತುದಿ ಮೊಂಡಾಗುತ್ತದೆ. ಒಂದೇ ತಳಿಯ ಎರಡು ವಯಸ್ಸನ್ನು ಎರಡು ತಳಿ ಎಂದು, ಕೆಲವೊಮ್ಮೆ ಎರಡು ಜಾತಿ ಎಂದೇ ಹೆಸರಿಡುವುದು ಹೀಗೆ. ಉದ್ದ–ಅಗಲದ ಅನುಪಾತವನ್ನು ಹಾಗೇ ಹೋಲಿಸುವ ಕೋಷ್ಟಕಗಳನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ, ಎರಡೂ ತಳಿಗಳ ಉದ್ದ ಒಂದೇ ವ್ಯಾಪ್ತಿಯಲ್ಲಿತ್ತೇ ಎಂಬುದು.

ಮಾಡಬೇಕಾದ್ದು ಇಷ್ಟು. ಪ್ರತಿ ತಳಿಯ 30 ಕೋಶಗಳ ವ್ಯಾಸ ಅಥವಾ ಉದ್ದವನ್ನು ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಹೋಲಿಕೆ ಪ್ರಯೋಗಕ್ಕೆ ಗಾತ್ರದ ವ್ಯಾಪ್ತಿ ಪರಸ್ಪರ ಕೂಡುವ ತಳಿಗಳನ್ನಷ್ಟೇ ಆರಿಸಿ. ವಿಶ್ಲೇಷಣೆಯಲ್ಲಿ ಗಾತ್ರವನ್ನು ಜೊತೆ-ಅಂಶವಾಗಿ ಸೇರಿಸಿ, ಅಂದರೆ ಗಾತ್ರದಿಂದ ಬಂದ ವ್ಯತ್ಯಾಸವನ್ನು ಲೆಕ್ಕದಲ್ಲಿ ಬೇರೆ ಮಾಡಿ.

ಸ್ಕೆಲಿಟೊನೀಮಾ ಸೇರಿದ ವೃತ್ತಾಕಾರದ ಗುಂಪಿನಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಇವುಗಳಲ್ಲಿ ಹಲವು ಜಾತಿಗಳ ಒಂದೇ ತಳಿ ತನ್ನೊಳಗೇ ಗಂಡು ಮತ್ತು ಹೆಣ್ಣು ಕೋಶಗಳನ್ನು ಹುಟ್ಟಿಸಿ ಕೂಡಬಲ್ಲದು. ಸ್ಕೆಲಿಟೊನೀಮಾ ಮರೀನೊಯ್‌ನಲ್ಲಿ ಲವಣಾಂಶ ಬದಲಿಸುವುದೇ ಇದಕ್ಕೆ ಪ್ರಚೋದನೆಯಾಗುತ್ತದೆ. ತಿಂಗಳ ಅಳತೆಯಲ್ಲಿ ವ್ಯಾಸ ಇಳಿಯುತ್ತಿದ್ದದ್ದು ಥಟ್ಟನೆ ಎರಡು ಮೂರು ಪಟ್ಟು ಏರಿದರೆ, ಬಾಟಲಿಯಲ್ಲಿ ಈಗಿರುವುದು ನೀವು ಹಿಡಿದು ತಂದ ವ್ಯಕ್ತಿಯಲ್ಲ, ಅದರ ಮಕ್ಕಳು. ವಂಶವಾಹಿಗಳು ಮತ್ತೆ ಕಲೆಸಿಕೊಂಡಿವೆ. ಅಲ್ಲಿಂದ ಒಂದು ಸರಪಳಿ ಎತ್ತಿ ಹೊಸ ಸಂಖ್ಯೆ ಕೊಟ್ಟು ಹೊಸ ತಳಿಯಾಗಿಯೇ ದಾಖಲಿಸಿ. ಸೂಡೊನಿಟ್ಜಿಯಾದಂಥ ದೋಣಿಯಾಕಾರದವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಲಿಂಗದ ಜೊತೆಗಾರ ತಳಿ ಬೇಕು. ಅದು ಸಿಗದಿದ್ದರೆ ತಳಿ ಕುಗ್ಗಿ ಕುಗ್ಗಿ ಒಂದು ದಿನ ಸತ್ತುಹೋಗುತ್ತದೆ. ಫಿಯೊಡ್ಯಾಕ್ಟೈಲಮ್‌ಗೆ ಈ ಕುಗ್ಗುವ ಕಾಟ ಇಲ್ಲ. ಅದರ ಮೊಟ್ಟೆಯಾಕಾರಕ್ಕಷ್ಟೇ ಸಿಲಿಕಾ ಚಿಪ್ಪು ಕಟ್ಟುವ ಅಭ್ಯಾಸ, ಸಿಲಿಕಾ ಇಲ್ಲದೆಯೂ ಬೆಳೆಯುತ್ತದೆ. ಪ್ರಯೋಗಶಾಲೆಗಳಿಗೆ ಅದು ಅಚ್ಚುಮೆಚ್ಚಾಗಲು ಇದೂ ಒಂದು ಕಾರಣ. ಆದರೆ ಉಳಿದ ಡಯಾಟಮ್‌ಗಳಿಗೆ ಅದನ್ನು ಮಾದರಿ ಎಂದು ಹಿಡಿಯುವಾಗ ಈ ವಿಚಿತ್ರ ನೆನಪಿರಬೇಕು.

ಒಂದೇ ನೀರು, ಒಂದೇ ಬೆಳಕು

ಎಲ್ಲ ತಳಿಗಳನ್ನೂ ಒಂದೇ ಬ್ಯಾಚಿನ ದ್ರಾವಣದಲ್ಲಿ, ಒಂದೇ ಕೋಣೆಯಲ್ಲಿ ಬೆಳೆಸಿ. ನಮ್ಮ ಕರಾವಳಿಯ ತಳಿಗಳಿಗೆ 25 ಡಿಗ್ರಿ, ಬೆಳಕು ಚದರ ಮೀಟರಿಗೆ ಸೆಕೆಂಡಿಗೆ 60ರಿಂದ 80 ಮೈಕ್ರೋಮೋಲ್ ಫೋಟಾನ್, 12 ಗಂಟೆ ಹಗಲು, 12 ಗಂಟೆ ಇರುಳು. ಉಷ್ಣತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಸಿ ಕಡಲಿನಿಂದ ಬಂದ ಪಿಟಿ9 ತಳಿಯನ್ನು 15 ಡಿಗ್ರಿಗೆ ಇಳಿಸಿದರೆ ಕದಿರಿನಾಕಾರ ಬಿಟ್ಟು ಮೊಟ್ಟೆಯಾಕಾರದ ಕಡೆ ವಾಲುತ್ತದೆ. ಏಸಿ ಕೆಟ್ಟ ಒಂದು ವಾರ ಸಾಕು, ಇಲ್ಲದ ‘ವಂಶವಾಹಿ ವ್ಯತ್ಯಾಸ’ ಕಂಡುಹಿಡಿಯಲು.

ಮಿ.ಲೀ.ಗೆ 1,000 ಕೋಶಗಳಿಂದ ಶುರುಮಾಡಿ, 32,000 ಮುಟ್ಟಿದಾಗ ಹೊಸ ದ್ರಾವಣಕ್ಕೆ ದಾಟಿಸಿ. ಅದಕ್ಕೆ ಐದು ಒಡೆತ ಆಗಿರುತ್ತದೆ. ಹೀಗೆ ಕನಿಷ್ಠ ಎರಡು ಸಲ, ಆಗುವುದಾದರೆ ಮೂರು ಸಲ ದಾಟಿಸಿದ ಮೇಲಷ್ಟೇ ಅಳತೆ. ಹಳೆಯ ನೀರಿನಲ್ಲಿ ಕಟ್ಟಿದ ಹೋಳುಗಳು ಅಷ್ಟು ಹೊತ್ತಿಗೆ ಹೊಸ ಹೋಳುಗಳ ನಡುವೆ ಅಪರೂಪವಾಗಿರುತ್ತವೆ. ಬೆಳವಣಿಗೆಯ ದರ ಬೇಕಿದ್ದರೆ ಎರಡು ದಿನದ ಕೋಶಸಂಖ್ಯೆಗಳ ಸ್ವಾಭಾವಿಕ ಲಾಗರಿದಮ್‌ಗಳ ಅಂತರವನ್ನು ದಿನಗಳ ಅಂತರದಿಂದ ಭಾಗಿಸಿ.

ಪ್ರತಿ ತಳಿಗೆ ಮೂರು ಫ್ಲಾಸ್ಕು, ಮೂರೂ ಬೇರೆ ಬೇರೆಯಾಗಿ ದಾಟಿಸಿದವು. ಒಂದು ಫ್ಲಾಸ್ಕಿನಿಂದ 90 ಕೋಶ ಅಳೆದು ‘ಎನ್ = 90’ ಎಂದು ಬರೆಯುವುದು ಈ ಕ್ಷೇತ್ರದ ಅತ್ಯಂತ ಸಾಮಾನ್ಯ ತಪ್ಪು. ಅಲ್ಲಿ ನಿಜವಾದ ಎನ್, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಮಾದರಿಗಳ ಸಂಖ್ಯೆ, 1. ಫ್ಲಾಸ್ಕುಗಳ ಜಾಗವನ್ನು ಚೀಟಿ ಎತ್ತಿ ನಿರ್ಧರಿಸಿ, ಎರಡು ದಿನಕ್ಕೊಮ್ಮೆ ಅದಲುಬದಲು ಮಾಡಿ. ಟ್ಯೂಬ್‌ಲೈಟಿನ ತುದಿಯಲ್ಲಿ ನಡುವಿಗಿಂತ ಬೆಳಕು ಕಡಿಮೆ.

ಉಪ್ಪಿನ ಪರಿಣಾಮವನ್ನೂ ನೋಡುವುದಾದರೆ 35, 25, 15 ಎಂಬ ಮೂರು ಮಟ್ಟ ಸಾಕು. 5ರಂತೆ ಇಳಿಸುತ್ತ, ಪ್ರತಿ ಮೆಟ್ಟಿಲಲ್ಲೂ ಒಂದು ಸಲ ದಾಟಿಸಿ. ನೀರು ತೆಳುವಾಗಿಸಿದ ಮೇಲೆ ಪೋಷಕ ಹಾಕಿ, ಮೊದಲೇ ಹಾಕಿ ಆಮೇಲೆ ತೆಳುವಾಗಿಸಿದರೆ ಉಪ್ಪಿನ ಜೊತೆ ಸಿಲಿಕಾ, ನೈಟ್ರೇಟ್ ಎರಡೂ ಇಳಿದು ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸ್ಕೆಲಿಟೊನೀಮಾದಲ್ಲಿ ಕಡಿಮೆ ಉಪ್ಪಿಗೆ ಮುಖ್ಯವಾಗಿ ಮಣಿಯುವುದು ಕೋಶಗಳನ್ನು ಜೋಡಿಸುವ ಕಡ್ಡಿಗಳ ಉದ್ದ. ಕಡ್ಡಿ ಗಿಡ್ಡವಾಗಿ ಕೋಶಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅಳಿವೆಯಲ್ಲಿ ಹಿಡಿದದ್ದನ್ನು ಕಡ್ಡಿಯ ಉದ್ದ ನೋಡಿ ಗುರುತಿಸುವವರು ಎಡವುವುದು ಇಲ್ಲೇ. ಕಡ್ಡಿಗಳ ಸಂಖ್ಯೆ, ಅಂಚಿನ ವಿನ್ಯಾಸ, ತುದಿಯ ಕೋಶದ ರಚನೆ ಇವು ಹೆಚ್ಚು ನಂಬಿಕೆಗೆ ಅರ್ಹ.

ಚಿಪ್ಪು ತೊಳೆದು ಅಳೆಯುವುದು

ಒಟ್ಟು ಆಕಾರಕ್ಕೆ ಜೀವಂತ ಕೋಶವೇ ಸಾಕು. ಹೋಳಿನ ಗೆರೆ, ತೂತು, ಅಂಚು ಕಾಣಬೇಕಿದ್ದರೆ ಒಳಗಿನ ಜೀವದ್ರವ್ಯ ಸುಟ್ಟುಹೋಗಬೇಕು. ಮೊದಲು ಶುದ್ಧೀಕರಿಸಿದ ನೀರಿನಲ್ಲಿ ಮೂರು ನಾಲ್ಕು ಸಲ ಉಪ್ಪು ತೊಳೆಯಿರಿ. ಈ ಹೆಜ್ಜೆ ಹಾರಿಸಿ ಗಂಧಕಾಮ್ಲ ಹಾಕಿದರೆ ಕಡಲ ನೀರಿನ ಕ್ಯಾಲ್ಸಿಯಂ ಜಿಪ್ಸಮ್ ಸೂಜಿಗಳಾಗಿ ಇಡೀ ಸ್ಲೈಡನ್ನು ತುಂಬುತ್ತದೆ. ದಪ್ಪ ಚಿಪ್ಪಿನವಕ್ಕೆ ಮಾದರಿಯ ಸಮಪ್ರಮಾಣ 30% ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೀರಿನ ತೊಟ್ಟಿಯಲ್ಲಿ 80 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಬುರುಗು ಉಕ್ಕಿ ಹೊರಬರುತ್ತದೆ, ಬೀಕರಿನ ಕಾಲುಭಾಗ ಮಾತ್ರ ತುಂಬಿರಲಿ. ಸ್ಕೆಲಿಟೊನೀಮಾದಂಥ ತೆಳು ಚಿಪ್ಪಿಗೆ ಮಾದರಿ, ನೈಟ್ರಿಕ್ ಆಮ್ಲ, ಗಂಧಕಾಮ್ಲ 1:1:4 ಪ್ರಮಾಣದಲ್ಲಿ ಸೇರಿಸಿ ಕೆಲವೇ ಸೆಕೆಂಡು ಕುದಿಸುವ ವಿಧಾನವಿದೆ. ಹೊಗೆ ಎಳೆಯುವ ಕಪಾಟಿನಲ್ಲಿ, ಆಮ್ಲವನ್ನು ಮಾದರಿಗೆ ಹನಿಹನಿಯಾಗಿ ಹಾಕಿ, ಎಂದೂ ಅದಕ್ಕೆ ವಿರುದ್ಧವಾಗಿ ಅಲ್ಲ. ಆಮೇಲೆ ಆಮ್ಲದ ಗುಣ ಹೋಗುವವರೆಗೆ ತೊಳೆತ. ಪ್ರತಿ ಸಲ ರಾತ್ರಿಯಿಡೀ ತಳಕ್ಕೆ ಕೂರಲು ಬಿಡಿ. ಅವಸರಕ್ಕೆ ವೇಗವಾಗಿ ಸೆಂಟ್ರಿಫ್ಯೂಜ್ ಮಾಡಿದರೆ ಕಡ್ಡಿಗಳೆಲ್ಲ ಮುರಿದು, ಅಳೆಯಬೇಕೆಂದಿದ್ದದ್ದೇ ಹೋಗಿರುತ್ತದೆ.

ಸ್ಲೈಡಿಗೆ ಸುಮಾರು 1.7 ವಕ್ರೀಭವನಾಂಕದ ನಾಫ್ರಾಕ್ಸ್‌ನಂಥ ಅಂಟು ಬೇಕು. ಕೆನಡಾ ಬಾಲ್ಸಮ್‌ನಲ್ಲಿ ಸಿಲಿಕಾ ಗೆರೆಗಳು ಮಾಸಲಾಗಿ ಕಾಣುತ್ತವೆ.

ಅಳತೆಗೆ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಸಾಕು. ಪ್ರತಿ ಮಸೂರಕ್ಕೂ ಬೇರೆಯಾಗಿ, 10 ಮೈಕ್ರಾನ್ ಗೆರೆಗಳ ಸ್ಟೇಜ್ ಮೈಕ್ರೋಮೀಟರಿನಿಂದ ಅಳತೆಪಟ್ಟಿ ಹೊಂದಿಸಿ. ಕ್ಯಾಮೆರಾ ತೆಗೆದು ಹಾಕಿದ ಪ್ರತಿ ಸಲವೂ ಮತ್ತೆ ಹೊಂದಿಸಬೇಕು. ಒಂದು ಸರಪಳಿಯಿಂದ ಒಂದೇ ಕೋಶ ಅಳೆಯಿರಿ, ಪಕ್ಕದ ಕೋಶ ಅದರ ಒಡಹುಟ್ಟಿದ್ದು, ಒಂದು ಹೋಳಂತೂ ಅಚ್ಚಿನಲ್ಲಿ ಒತ್ತಿದಂತೆ ಹೊಂದಿಕೊಂಡಿರುತ್ತದೆ. ಓರೆಯಾಗಿ ಬಿದ್ದ ಕೋಶ ಸಪೂರವಾಗಿ ಕಾಣುತ್ತದೆ, ಅದನ್ನು ಬಿಡಿ. ಫೋಟೋಗಳಿಗೆ ಗುಪ್ತ ಸಂಖ್ಯೆ ಕೊಟ್ಟು, ಯಾವ ತಳಿ ಎಂದು ಗೊತ್ತಿಲ್ಲದವರ ಕೈಯಲ್ಲಿ ಅಳೆಸಿ. ಗೊತ್ತಿದ್ದವರ ಮೌಸು ತಾನಾಗಿಯೇ ಅತ್ತ ವಾಲುತ್ತದೆ.

ಸ್ಕೆಲಿಟೊನೀಮಾಕ್ಕೆ ವ್ಯಾಸ, ಕೋಶದ ಎತ್ತರ, ಕೋಶಗಳ ನಡುವಿನ ಅಂತರ, ಸರಪಳಿಯ ಕೋಶಸಂಖ್ಯೆ ಇಷ್ಟು ಸಾಕು. ದೋಣಿಯಾಕಾರದವಕ್ಕೆ ಉದ್ದ, ಅಗಲ, 10 ಮೈಕ್ರಾನಿಗೆ ಎಷ್ಟು ಗೆರೆ ಎಂಬುದರ ಜೊತೆ ಇಡೀ ಹೊರಗೆರೆಯನ್ನು ಫೂರಿಯರ್ ಗುಣಾಂಕಗಳಾಗಿ, ಅಂದರೆ ಆಕಾರ ಹೇಳುವ ಅಂಕಿಗಳ ಸಾಲಾಗಿ, ಬದಲಿಸುವ ವಿಧಾನ ಒಳ್ಳೆಯದು. ಆರ್ ಭಾಷೆಯಲ್ಲಿ ಮೋಮಾಕ್ಸ್ ಎಂಬ ಪ್ಯಾಕೇಜು ಈ ಕೆಲಸ ಮಾಡುತ್ತದೆ. ತಲೆಕೆಳಗಾದ, ಮಗುಚಿದ ಕೋಶಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳದಿದ್ದರೆ ದಿಕ್ಕಿನ ವ್ಯತ್ಯಾಸವೇ ಆಕಾರದ ವ್ಯತ್ಯಾಸವಾಗಿ ನಕ್ಷೆಯಲ್ಲಿ ಎರಡು ಗುಂಪಾಗಿ ಕೂರುತ್ತದೆ. ನೋಡಲು ಬಲು ಚೆಂದದ ಗುಂಪುಗಳು, ಅರ್ಥ ಮಾತ್ರ ಶೂನ್ಯ.

ಡಿಎನ್‌ಎ

50 ಮಿ.ಲೀ. ಏರುಮುಖದ ಬೆಳೆಯನ್ನು 3 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಬ್ಯಾಕ್ಟೀರಿಯಾದ ಬಹುಪಾಲು ಕೆಳಗೆ ಹೋಗುತ್ತದೆ. ಕೋಶ ಒಡೆದು ಡಿಎನ್‌ಎ ಬಿಡಿಸುವ 2% ಸಿಟಿಎಬಿ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ಒಂದು ಗಂಟೆ, ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೊಹಾಲ್ 24:1ರಲ್ಲಿ ಎರಡು ಸಲ, ಐಸೋಪ್ರೊಪನಾಲ್‌ನಲ್ಲಿ ಒಟ್ಟುಗೂಡಿಸಿ 70% ಎಥನಾಲ್ ತೊಳೆತ. ಗೊಣ್ಣೆಯಂತೆ ಅಂಟುವ ಸಕ್ಕರೆ ಪದಾರ್ಥ ಉಳಿದರೆ ಪಿಸಿಆರ್ (ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿ ಮಾಡುವ ಕ್ರಿಯೆ) ಕೈಕೊಡುತ್ತದೆ. ಹತ್ತು ಪಟ್ಟು ತೆಳುವಾಗಿಸಿ ಮತ್ತೆ ಪ್ರಯತ್ನಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಯಾವ ಗುರುತು, ಅಂದರೆ ಹೋಲಿಸಲು ಓದುವ ಡಿಎನ್‌ಎ ತುಣುಕು, ಆರಿಸಬೇಕೆಂಬುದು ಪ್ರಶ್ನೆಯ ಮೇಲೆ ನಿಂತಿದೆ. ಜಾತಿ ಯಾವುದು ಎಂದು ತಿಳಿಯಲು ದೊಡ್ಡ ರೈಬೋಸೋಮ್ ಘಟಕದ ಡಿ1–ಡಿ3 ಭಾಗ, ಹಸಿರುಕಣದ ಆರ್‌ಬಿಸಿಎಲ್. ಒಂದೇ ಜಾತಿಯ ತಳಿಗಳ ನಡುವೆ ಇವೆರಡೂ ಹೆಚ್ಚಾಗಿ ಒಂದೇ ಅಕ್ಷರಮಾಲೆ ತೋರಿಸುತ್ತವೆ. ‘ವ್ಯತ್ಯಾಸ ಇಲ್ಲ’ ಎಂದು ಅರ್ಥವಲ್ಲ, ಗುರುತು ಒರಟು ಅಷ್ಟೇ. ಐಟಿಎಸ್ ಇನ್ನೂ ಸೂಕ್ಷ್ಮ, ಆದರೆ ಒಂದೇ ಕೋಶದಲ್ಲಿ ಅದರ ಹಲವು ಪ್ರತಿಗಳಿದ್ದು ಅವು ಪರಸ್ಪರ ಬೇರೆಯಾಗಿರಬಹುದು. ನೇರವಾಗಿ ಓದಿದಾಗ ಒಂದರ ಮೇಲೊಂದು ಶಿಖರ ಕಾಣುತ್ತದೆ. ತಂತ್ರಾಂಶ ಆರಿಸಿದ ಅಕ್ಷರವನ್ನು ಕಣ್ಣುಮುಚ್ಚಿ ಒಪ್ಪದೆ ಶಿಖರಗಳನ್ನೇ ನೋಡಿ, ಬೇಕಿದ್ದರೆ ಕ್ಲೋನ್ ಮಾಡಿ, ಅಂದರೆ ಪ್ರತಿಗಳನ್ನು ಒಂದೊಂದಾಗಿ ಬೇರ್ಪಡಿಸಿ, ಓದಿಸಿ. 2006ರಲ್ಲಿ ಸ್ವೀಡನ್ ಮತ್ತು ಮಂಗಳೂರಿನ ಸಂಶೋಧಕರು ಸೇರಿ, ದೂರದೂರದ ಸ್ಕೆಲಿಟೊನೀಮಾ ಮರೀನೊಯ್ ತಳಿಗಳನ್ನು ಬೇರ್ಪಡಿಸಲು ಬಳಕೆಯಲ್ಲಿದ್ದ ಮೂರು ಅಣುವಿಧಾನಗಳನ್ನೇ ಪರಸ್ಪರ ಹೋಲಿಸಿ ನೋಡಿದ್ದರು. ಗುರುತು ಬದಲಾದರೆ ಉತ್ತರವೂ ಬದಲಾಗಬಹುದು ಎಂಬುದನ್ನು ಕೆಲಸ ಶುರುಮಾಡುವ ಮುನ್ನ ಮನಸ್ಸಿನಲ್ಲಿಡಿ.

ವ್ಯಕ್ತಿ ವ್ಯಕ್ತಿಯನ್ನು ಬೇರ್ಪಡಿಸಲು, ಒಂದೇ ಪುಟ್ಟ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಡಿಎನ್‌ಎ ಜಾಗಗಳಾದ ಮೈಕ್ರೋಸ್ಯಾಟಲೈಟ್‌ಗಳೇ ಸರಿ, ಎಂಟು ಹತ್ತು ಜಾಗಗಳಾದರೂ ಬೇಕು. ಒಂದು ತಳಿಯಲ್ಲಿ ಒಂದು ಜಾಗಕ್ಕೆ ಒಂದೋ ಎರಡೋ ರೂಪ ಕಾಣಬೇಕು. ಹಲವು ಜಾಗಗಳಲ್ಲಿ ಮೂರು ನಾಲ್ಕು ರೂಪ ಕಂಡರೆ ಆ ತಳಿ ಬೆರಕೆ, ಎರಡು ಸರಪಳಿ ಒಟ್ಟಿಗೆ ಎತ್ತಿದ ಫಲ. ಹತ್ತರಲ್ಲಿ ಒಂದು ತಳಿಯ ಡಿಎನ್‌ಎಯನ್ನು ಎರಡನೇ ಸಲ ಹೊಸದಾಗಿ ತೆಗೆದು ಓದಿಸಿ, ಎರಡು ಓದು ತಾಳೆಯಾಗದ ಪ್ರಮಾಣವೇ ನಿಮ್ಮ ದೋಷದ ದರ. ಇಡೀ ಜೀನೋಮಿನಿಂದ ಯಾದೃಚ್ಛಿಕವಾಗಿ ತುಣುಕು ಹಿಗ್ಗಿಸುವ ರ‍್ಯಾಪ್ಡ್‌ನಂಥ ವಿಧಾನಗಳನ್ನು ಬ್ಯಾಕ್ಟೀರಿಯಾ ಇರುವ ಬೆಳೆಯ ಮೇಲೆ ಬಳಸಬೇಡಿ. ಕಾಣುವ ಪಟ್ಟಿಗಳಲ್ಲಿ ಡಯಾಟಮ್ ಎಷ್ಟು, ಬ್ಯಾಕ್ಟೀರಿಯಾ ಎಷ್ಟು ಎಂದು ಹೇಳುವಂತಿಲ್ಲ.

ಡೈಟೈಲಮ್ ಬ್ರೈಟ್‌ವೆಲ್ಲಿಯನ್ನು ಅಮೆರಿಕದ ಪ್ಯೂಜೆಟ್ ಸೌಂಡ್‌ನಲ್ಲಿ ಹೀಗೆ ನೋಡಿದಾಗ, ಒಂದೇ ಹೊತ್ತಿಗೆ ನೀರು ತುಂಬಿ ಬೆಳೆದ ರಾಶಿಯಲ್ಲೂ ಹಿಡಿದ ತಳಿಗಳು ಬಹುತೇಕ ಎಲ್ಲ ಬೇರೆ ಬೇರೆ ವ್ಯಕ್ತಿಗಳೇ ಆಗಿದ್ದವು. ನಿಮ್ಮ 30 ತಳಿಗಳಲ್ಲಿ ಹೆಚ್ಚಿನವು ತದ್ರೂಪಿಗಳು ಎಂದು ಬಂದರೆ ಕಡಲಿನ ಬಗ್ಗೆ ಬರೆಯುವ ಮೊದಲು ಪಿಪೆಟ್ಟು, ತಟ್ಟೆ, ಲೇಬಲ್ ಪರೀಕ್ಷಿಸಿ. ಪಕ್ಕದ ಬಾವಿಯಿಂದ ಹನಿ ಸಿಡಿದಿರುವುದೇ ಹೆಚ್ಚು ಸಂಭವ.

ಎರಡನ್ನೂ ಜೋಡಿಸುವುದು

ತಳಿ, ಫ್ಲಾಸ್ಕು, ಕೋಶ ಎಂಬ ಮೂರು ಮೆಟ್ಟಿಲಿನ, ಮಿಶ್ರ ಮಾದರಿ ಎಂಬ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ವ್ಯತ್ಯಾಸವನ್ನು ಹಂಚಿ ನೋಡಿ, ಗಾತ್ರ ಜೊತೆ-ಅಂಶವಾಗಿರಲಿ. ಒಟ್ಟು ವ್ಯತ್ಯಾಸದಲ್ಲಿ ತಳಿಯ ಪಾಲು ಎಷ್ಟೋ ಅಷ್ಟು ವಂಶದ್ದು ಎನ್ನಬಹುದು. ತಳಿಯ ಪಾಲಿಗಿಂತ ಫ್ಲಾಸ್ಕಿನ ಪಾಲು ದೊಡ್ಡದಾಗಿ ಬಂದರೆ ಬೆಳೆಸುವ ಕೋಣೆಯಲ್ಲೇ ಏನೋ ಸರಿಯಿಲ್ಲ. ತಳಿ ಮತ್ತು ಲವಣಾಂಶದ ಪರಸ್ಪರ ಪರಿಣಾಮವನ್ನು ಬಿಡದೆ ನೋಡಿ. 35ರಲ್ಲಿ ಒಂದೇ ಥರ ಕಾಣುವ ಎರಡು ತಳಿ 15ರಲ್ಲಿ ಬೇರೆಯಾಗಿ ನಿಲ್ಲುವುದು ಅಪರೂಪವಲ್ಲ, ಓದಲು ಸ್ವಾರಸ್ಯ ಇರುವುದೂ ಅಲ್ಲೇ. ಆಮೇಲೆ ತಳಿಗಳ ನಡುವಿನ ವಂಶವಾಹಿ ಅಂತರವನ್ನೂ ಆಕಾರದ ಅಂತರವನ್ನೂ ಎರಡು ಕೋಷ್ಟಕಗಳಾಗಿ ಇಟ್ಟು, ಅವು ಒಟ್ಟಿಗೆ ಏರಿಳಿಯುತ್ತವೆಯೇ ಎಂದು ನೋಡುವ ಮ್ಯಾಂಟೆಲ್ ಪರೀಕ್ಷೆ ಮಾಡಿ. ಸಂಬಂಧ ಸಿಗದಿರುವುದೂ ಫಲಿತಾಂಶವೇ. ಮೈಕ್ರೋಸ್ಯಾಟಲೈಟ್ ಜಾಗಗಳಿಗೂ ಚಿಪ್ಪು ಕಟ್ಟುವ ವಂಶವಾಹಿಗಳಿಗೂ ನಂಟು ಇರಲೇಬೇಕೆಂದಿಲ್ಲ.

ತಳಿ ಸಾಯುವ ಮೊದಲು ಅದರ ಸ್ಥಿರ ಸ್ಲೈಡು ಎರಡು, ಡಿಎನ್‌ಎ ಮೈನಸ್ 80 ಡಿಗ್ರಿಯಲ್ಲಿ ಒಂದು ಪ್ರತಿ, ಲ್ಯೂಗಾಲ್ ಹಾಕಿದ ಮಾದರಿ ಒಂದು ಎತ್ತಿಡಿ. ಜೀವಂತ ತಳಿಯನ್ನು ಒಂದೇ ಕೋಣೆಯಲ್ಲಿ ಇಡದೆ ಇನ್ನೊಂದು ಕಡೆ ಜೋಡಿ ಪ್ರತಿ ಇರಿಸಿ. ಮೇ ತಿಂಗಳ ಒಂದು ಕರೆಂಟ್ ಕಡಿತಕ್ಕೆ ಎರಡು ವರ್ಷದ ಸಂಗ್ರಹ ಹೋಗಬಹುದು. ಭಾರತದ ತಳಿಯನ್ನು ಹೊರದೇಶದ ಪ್ರಯೋಗಶಾಲೆಗೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಮೊದಲೇ ನೋಡಿಕೊಳ್ಳಿ. ಲೇಬಲ್‌ನಲ್ಲಿ ತಳಿಯ ಸಂಖ್ಯೆ, ಹಿಡಿದ ದಿನ ಮತ್ತು ಜಾಗ, ಅಂದಿನ ಲವಣಾಂಶ, ಹಿಡಿದ ದಿನದ ವ್ಯಾಸ, ಕೊನೆಯ ಸಲ ದಾಟಿಸಿದ ದಿನ ಇರಲಿ. ಪೆನ್ಸಿಲಿನಲ್ಲಿ ಬರೆಯಿರಿ, ಮಾರ್ಕರ್ ಶಾಯಿ ಎಥನಾಲ್ ತಗುಲಿದೊಡನೆ ಅಳಿಸಿಹೋಗುತ್ತದೆ.